ಲಾಟಿಗೊಂದು ವಾಕ್ಯ

ರಾಮನಗರದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ರೈತ ತಂದ ಗೂಡಿಗೆ ಒಂದು ಲಾಟ್ ನಂಬರು ಸಿಗುತ್ತದೆ. ಆಮೇಲೆ ಹರಾಜು, ತೂಕ, ಹಣ. ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹುಳು ಸಾಕುವ ಮನೆಗಳು ಸುಮಾರು ಒಂದು ತಿಂಗಳು ನಿದ್ದೆಗೆಟ್ಟು ದುಡಿದದ್ದು ಆ ನಂಬರಿನೊಳಗಿರುತ್ತದೆ.

ಕಂಪ್ಯೂಟರ್ ವಿಜ್ಞಾನದ ಸಂಶೋಧನೆಯಲ್ಲಿರುವ ನನಗೆ ಲಾಗಿಂಗ್ ಲೈಬ್ರರಿಗಳ ಒಂದು ಹಳೆಯ ಚರ್ಚೆ ಅರ್ಥವಾಗುವುದು ಈ ನಂಬರಿನ ಮೂಲಕವೇ. ಪ್ರೋಗ್ರಾಂ ತಾನು ಮಾಡಿದ್ದನ್ನು ಬರೆದಿಡುವ ದಿನಚರಿಯೇ ಲಾಗ್. ಜಾವಾದ ಹಳೆಯ ಲಾಗ್‌ಫೋರ್‌ಜೆಯ ಡೀಬಗ್ ಮೆಥಡ್ 'ಆಬ್ಜೆಕ್ಟ್' ತೆಗೆದುಕೊಳ್ಳುತ್ತಿತ್ತು: ಏನು ಕೊಟ್ಟರೂ ಸೈ. ಅದನ್ನು ಶುರುಮಾಡಿದ ಜೆಕಿ ಗುಲ್ಜು ಅವರೇ ಮುಂದೆ ರೂಪಿಸಿದ ಎಸ್‌ಎಲ್‌ಎಫ್‌ಫೋರ್‌ಜೆ, ಸಂದೇಶಕ್ಕೆ 'ಸ್ಟ್ರಿಂಗ್' ಮಾತ್ರ ಕೇಳಿತು: ಹೇಳುವುದನ್ನು ಮಾತಿನಲ್ಲಿ ಹೇಳು.

ಮೊದಲನೆಯದು ಉದಾರವಾಗಿ ಕಾಣುತ್ತದೆ. ಆದರೆ ಲಾಟನ್ನು ಇಡಿಯಾಗಿ ಕೊಟ್ಟು, ಅದನ್ನು ಹೇಗೆ ಓದಬೇಕೆಂದು ಯಾರೂ ಬರೆದಿರದಿದ್ದರೆ, ಲಾಗಿನಲ್ಲಿ ಉಳಿಯುವುದು ಕ್ಲಾಸಿನ ಹೆಸರು, ಒಂದು 'ಅಟ್' ಚಿಹ್ನೆ, ಕೆಲವು ಅಂಕಿ-ಅಕ್ಷರ. "ನನ್ ಗೂಡಿಗ್ಯಾಕ್ ಸ್ವಾಮಿ ಈ ರೇಟು?" ಎಂದು ರೈತ ಕೇಳಿದರೆ ಅದರಲ್ಲಿ ಉತ್ತರವಿಲ್ಲ.

'ಸ್ಟ್ರಿಂಗ್' ಕೇಳಿದರೆ ಕೋಡು ಬರೆಯುವವರು ಆಗಲೇ ಯೋಚಿಸಬೇಕು: ಯಾವ ಲಾಟು, ಎಷ್ಟು ಕಿಲೋ, ಕೊನೆಗೆ ನಿಂತ ದರವೆಷ್ಟು. ವಾಕ್ಯದಲ್ಲಿ ಖಾಲಿ ಜಾಗ ಬಿಟ್ಟು ಈ ವಿವರಗಳನ್ನು ಬೇರೆಯಾಗಿ ಕೊಡಬಹುದು. ಆ ಹಂತದ ಲಾಗ್ ಬೇಡವೆಂದಿದ್ದರೆ ವಾಕ್ಯ ಜೋಡಿಸುವ ಖರ್ಚೂ ಇಲ್ಲ. ಖಾಲಿ ಜಾಗಕ್ಕೆ 'ಆಬ್ಜೆಕ್ಟ್' ಬರಬಹುದು, ನಿಜ; ವಾಕ್ಯ ಮಾತ್ರ ಮನುಷ್ಯರದೇ.

ಪ್ಯಾರಾಮೀಟರಿನ ಟೈಪ್ ಆರಿಸುವುದೆಂದರೆ ವಿವರಿಸುವ ಹೊಣೆ ಯಾರದೆಂದು ತೀರ್ಮಾನಿಸುವುದು. ಲಾಟನ್ನು ಕೈಯಲ್ಲಿ ಹಿಡಿದಿರುವ ಕೋಡಿನ ಸಾಲಿಗೇ ಆ ಹೊಣೆ ಇರಲಿ ಎನ್ನುವ ಪಕ್ಷ ನನ್ನದು.