ಎರೆಭೂಮಿಯ ಕಪ್ಪು, ಹತ್ತಿಯ ಬಿಳುಪು

ಗದಗ ಪಟ್ಟಣದ ಮಗ್ಗುಲಿಗಿರುವ ಮಲ್ಲಸಮುದ್ರದ ಕಡೆಗೆ ಹತ್ತಿ ಒಡೆಯುವ ಕಾಲದಲ್ಲಿ ಹೋಗಬೇಕು. ಕೆಳಗೆ ಎರೆಭೂಮಿಯ ಕಪ್ಪು, ಮೇಲೆ ಹತ್ತಿಯ ಬಿಳುಪು, ನೆತ್ತಿ ಸುಡುವ ಬಿಸಿಲು. ಕಪ್ಪು-ಬಿಳುಪು ಫೋಟೊ ಮುದ್ರಿಸುವ ಕಾಗದಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ಬೇಕಿಲ್ಲ.

ಈ ಕಾಗದಗಳಲ್ಲಿ 0ಯಿಂದ 5ರವರೆಗೆ ಗ್ರೇಡುಗಳುಂಟು. ಬಿಸಿಲಿನ ನೆಗೆಟಿವನ್ನು 4ನೇ ಗ್ರೇಡಿನಲ್ಲಿ ಮುದ್ರಿಸಿದರೆ ಮಣ್ಣಿನ ಹೆಂಟೆಗಳೆಲ್ಲ ಒಂದೇ ಮಸಿ, ಹತ್ತಿ ಬರೀ ಸುಣ್ಣ. ರುಮಾಲಿನ ನೆರಳಲ್ಲಿರುವ ರೈತನ ಮುಖವೂ ಆ ಮಸಿಯಲ್ಲೇ ಮುಳುಗುತ್ತದೆ. 1 ಅಥವಾ 2ನೇ ಗ್ರೇಡಿನಲ್ಲಿ ಮುಖ ಉಳಿಯುತ್ತದೆ. ಮೋಡದ ದಿನದ ನೆಗೆಟಿವಿಗೆ 3 ಅಥವಾ 4 ಸರಿ.

ಈ ಬಯಲುಸೀಮೆಯಲ್ಲಿ ಕಾಗದವನ್ನು ನೀರಿನ ಲೆಕ್ಕದಲ್ಲೂ ಅಳೆಯಬೇಕು. ನಾರಿನ ಕಾಗದ ಹೈಪೊ ದ್ರಾವಣವನ್ನು ಹೀರಿಕೊಳ್ಳುತ್ತದೆ. ಅದು ಬಿಡಲು ಸುಮಾರು ಒಂದು ತಾಸು ಹರಿಯುವ ನೀರು ಬೇಕು. ಎರಡೂ ಬದಿಗೆ ಪ್ಲಾಸ್ಟಿಕ್ ಪದರವಿರುವ ಆರ್.ಸಿ. ಕಾಗದಕ್ಕೆ ಎರಡು-ನಾಲ್ಕು ನಿಮಿಷ ಸಾಕು. ನೀರಿಗೆ ಜಿಪುಣತನ ಮಾಡಿದರೆ ಉಳಿದ ಹೈಪೊ ಚಿತ್ರದ ಬೆಳ್ಳಿಯನ್ನು ತಿಂದು ಹಳದಿ ಮಾಡುತ್ತದೆ. ಗೋಡೆಯ ಮೇಲಿನ ಎಷ್ಟೋ ಅಜ್ಜ-ಅಜ್ಜಿಯರು ಮಾಸಿದ್ದು ಹೀಗೆಯೇ. ನಾರಿನ ಕಾಗದವೇ ಬೇಕೆಂದರೆ, ತುಸು ತೊಳೆದು ಶೇ. 2ರ ಸೋಡಿಯಂ ಸಲ್ಫೈಟ್ ದ್ರಾವಣದಲ್ಲಿ ಕೆಲ ನಿಮಿಷ ಅದ್ದಿ. ಹೈಪೊ ಬೇಗ ಬಿಡುತ್ತದೆ, ನೀರೂ ಉಳಿಯುತ್ತದೆ.

1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಕಾಗದ ಈಗಿಲ್ಲ. ಇಲ್‌ಫರ್ಡ್‌ನ ಮಲ್ಟಿಗ್ರೇಡ್ ಇದೆ: ಫಿಲ್ಟರ್ ಬದಲಿಸಿದರೆ ಒಂದೇ ಕಾಗದದಲ್ಲಿ ಎಲ್ಲ ಗ್ರೇಡುಗಳು. ದುಬಾರಿ, ನಿಜ. ಆದರೂ ಮನೆಯ ಟ್ರಂಕಿನಲ್ಲಿ ಹಳೆಯ ನೆಗೆಟಿವುಗಳಿದ್ದರೆ ಎಸೆಯಬೇಡಿ. ಗೋಡೆಯ ಮೇಲೆ ಮಾಸಿದ ಮುಖ ಅಲ್ಲಿ ಇನ್ನೂ ಹಾಗೆಯೇ ಇದ್ದೀತು.