ದಸರೆಯ ದಿನ ದೀಕ್ಷಾಭೂಮಿಯಲ್ಲಿ

ನಾಗಪುರದ ರಹಾಟೆ ಕಾಲೊನಿ ಚೌಕ ಮುಟ್ಟುತ್ತಲೇ ಆಟೊ ನಿಲ್ಲುತ್ತದೆ. ಇವತ್ತು ಇಲ್ಲಿಂದಾಚೆ ಗಾಡಿ ಬಿಡುವುದಿಲ್ಲ. ಚೀಲ ಹೆಗಲಿಗೇರಿಸಿ ಇಳಿಯುತ್ತೀರಿ. ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಡಿಗೆ ನಿಮ್ಮ ಸ್ವಾಧೀನದಲ್ಲಿ ಉಳಿದಿರುವುದಿಲ್ಲ. ಜನ ಹೋದ ಕಡೆ ನೀವೂ ಹೋಗುತ್ತೀರಿ. ಮುಂದೆ ಬಿಳಿ ಸೀರೆಯ ಅಜ್ಜಿಯೊಬ್ಬರು ತಲೆಯ ಮೇಲೆ ಬಟ್ಟೆಗಂಟು ಹೊತ್ತು ಮೊಮ್ಮಗಳ ಕೈ ಹಿಡಿದು ನಡೆದಿದ್ದಾರೆ. ಪಕ್ಕದಲ್ಲಿ ಒಬ್ಬ ಯುವಕ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದಾನೆ, ಮಗುವಿನ ಕೈಯಲ್ಲಿ ಐದು ಬಣ್ಣದ ಪಂಚಶೀಲ ಧ್ವಜ. ರಾತ್ರಿ ಮಳೆಯಾಗಿರಬೇಕು, ರಸ್ತೆಯಂಚಿನ ಮಣ್ಣು ಚಪ್ಪಲಿಗೆ ಮೆತ್ತುತ್ತದೆ. ಬಿಸಿಲು ಮಾತ್ರ ಆಗಲೇ ಚುರುಗುಟ್ಟುತ್ತಿದೆ.

"ಜೈ ಭೀಮ್." ಬಿಳಿ ಅಂಗಿ, ಬಿಳಿ ಪ್ಯಾಂಟು, ನೀಲಿ ಟೋಪಿ ತೊಟ್ಟ ಹುಡುಗಿಯೊಬ್ಬಳು ಹಗ್ಗದ ಆಚೆಯಿಂದ ನಿಮ್ಮನ್ನು ಸ್ವಾಗತಿಸುತ್ತಾಳೆ. ಕೊರಳಲ್ಲಿ ಸೀಟಿ. ಸಮತಾ ಸೈನಿಕ ದಳದವಳು. 1927ರಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಕಟ್ಟಿದ ದಳ ಅದು. ಅಸ್ಪೃಶ್ಯರಿಗೆ ನಿಷಿದ್ಧವಾಗಿದ್ದ ಮಹಾಡದ ಕೆರೆಯ ನೀರನ್ನು ಅವರು ಮುಟ್ಟಿದ ವರ್ಷವೂ ಅದೇ. ಹುಡುಗಿಯ ಬಾಯಲ್ಲಿ ಬಂದ ಜೈ ಭೀಮ್ ಈ ಸೀಮೆಯದೇ. ಇಲ್ಲಿಗೆ ಹತ್ತಿರದ ಕಾಮಠಿಯ ಬಾಬು ಹರದಾಸ್ ಅದನ್ನು ಜನರ ನಾಲಗೆಗೆ ತಂದರು. 1939ರಲ್ಲಿ, ಮೂವತ್ತೈದರ ಆಸುಪಾಸಿನಲ್ಲೇ, ತೀರಿಕೊಂಡರು. ಈಗ ಈ ರಸ್ತೆಯಲ್ಲಿ ಒಂದು ತಾಸು ನಡೆಯಿರಿ, ಅವರ ಎರಡು ಮಾತನ್ನು ಎಷ್ಟು ಸಲ ಕೇಳಿದಿರೆಂಬ ಲೆಕ್ಕ ಸಿಗುವುದಿಲ್ಲ.

ರಸ್ತೆಯ ಎರಡೂ ಬದಿಗೆ ಶಾಮಿಯಾನಗಳು. ಅಂಗಡಿಗಳೆಂದುಕೊಂಡು ದುಡ್ಡು ತೆಗೆಯಲು ಜೇಬಿಗೆ ಕೈ ಹಾಕಿದರೆ ಅಲ್ಲಿರುವವರು ಕೈಯಾಡಿಸಿ ಬೇಡವೆನ್ನುತ್ತಾರೆ. ಮೊದಲ ಶಾಮಿಯಾನದಲ್ಲಿ ತರ್ರಿ ಪೋಹಾ: ಅವಲಕ್ಕಿಯ ಮೇಲೆ ಕಡಲೆಕಾಳಿನ ಕೆಂಪು ಸಾರು ಸುರಿದು, ಈರುಳ್ಳಿ ಉದುರಿಸಿ ಕೈಗಿಡುತ್ತಾರೆ. ನಾಗಪುರದ ಬೆಳಗಿನ ತಿಂಡಿ, ಖಾರ ಮೂಗಿಗೇರುತ್ತದೆ. ಅದರಾಚೆ ಖಿಚಡಿ, ಅದರಾಚೆ ಪೂರಿ–ಪಲ್ಯ, ಮತ್ತೆ ನೀರು, ಮತ್ತೆ ಚಹಾ. ಭೋಜನದಾನ ಎಂದು ಫಲಕ ಹಾಕಿದ್ದಾರೆ. ಒಂದು ಶಾಮಿಯಾನ ಯಾವುದೋ ಬ್ಯಾಂಕಿನ ನೌಕರರದು, ಇನ್ನೊಂದು ರೈಲ್ವೆಯವರದು, ಮತ್ತೊಂದು ಒಂದೇ ಬೀದಿಯ ಮಹಿಳಾ ಮಂಡಳದ್ದು. ವೈದ್ಯರು ಮೇಜು ಹಾಕಿ ಕುಳಿತಿದ್ದಾರೆ, ರಕ್ತದೊತ್ತಡ ನೋಡುತ್ತಿದ್ದಾರೆ, ನಡೆದು ಬಂದವರ ಕಾಲಿನ ಬೊಬ್ಬೆಗೆ ಪಟ್ಟಿ ಕಟ್ಟುತ್ತಿದ್ದಾರೆ.

ಪೂರಿಯ ಒಲೆಯ ಹತ್ತಿರ ನಿಲ್ಲಿ. ನಡುವಯಸ್ಸಿನ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಲಟ್ಟಿಸಿದ ಪೂರಿಗಳನ್ನು ಒಂದೊಂದಾಗಿ ಎಣ್ಣೆಯ ಅಂಚಿನಿಂದ ಜಾರಿಸುತ್ತಿದ್ದಾರೆ. ಜಾರಿಸುವಾಗ ಬೆರಳು ಎಣ್ಣೆಗೆ ತಾಗಿತೇನೋ ಎನಿಸುವಷ್ಟು ಹತ್ತಿರ ಹೋಗುತ್ತದೆ. ತಾಗುವುದಿಲ್ಲ. ಜಾಲರಿ ಸೌಟಿನಿಂದ ಮೆಲ್ಲಗೆ ಒತ್ತುತ್ತಾರೆ, ಪೂರಿ ಉಬ್ಬುತ್ತದೆ, ಮಗುಚುತ್ತಾರೆ, ಎತ್ತಿ ಬುಟ್ಟಿಗೆ ಹಾಕುತ್ತಾರೆ. ಹಿಟ್ಟು ನಾದುವ ಹುಡುಗರು ಅವರ ಕೈವೇಗಕ್ಕೆ ಹೊಂದಲಾಗದೆ ನಗುತ್ತಿದ್ದಾರೆ.

"ಮಾವುಶೀ, ಎಷ್ಟು ಹೊತ್ತಿನಿಂದ?" ಎಂದು ಹಿಂದಿಯಲ್ಲಿ ಕೇಳುತ್ತೀರಿ.

"ನಿನ್ನೆ ರಾತ್ರಿಯಿಂದ," ಎನ್ನುತ್ತಾರೆ, ಬಾಣಲೆಯಿಂದ ಕಣ್ಣು ತೆಗೆಯದೆ.

ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಗೆಳತಿ ಉಳಿದದ್ದನ್ನು ಹೇಳುತ್ತಾರೆ. ಗಂಡ ತೀರಿಕೊಂಡ ಮೇಲೆ ಈಕೆ ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದರಂತೆ. ಊಟ ಸೇರುತ್ತಿರಲಿಲ್ಲ, ಮಾತು ಬೇಡವಾಗಿತ್ತು. ವಿಹಾರದ ಹೆಂಗಸರು ಸಮಾಧಾನದ ಮಾತು ಹೇಳಿ ಹೇಳಿ ಸೋತರು. ಕೊನೆಗೆ ಒಬ್ಬರು ಹೋಗಿ, "ದಸರೆಗೆ ಜನ ಬರ್ತಾರೆ, ಪೂರಿ ಕರಿಯೋರಿಲ್ಲ, ನೀನು ಬಾರದಿದ್ದರೆ ಅವರು ಹಸಿದು ಹೋಗ್ತಾರೆ" ಎಂದರಂತೆ. ಬಂದರು. ಅಂದಿನಿಂದ ಈ ಒಲೆ ಅವರದೇ.

ಮಾವುಶಿ ಇದನ್ನೆಲ್ಲ ಕೇಳಿಸಿಕೊಂಡರೂ ಏನೂ ಹೇಳುವುದಿಲ್ಲ. ಎರಡು ಪೂರಿಯನ್ನು ನಿಮ್ಮ ತಟ್ಟೆಗೆ ಹಾಕಿ, "ಇನ್ನೆರಡು ತಿನ್ನು, ಬೇಟಾ" ಎನ್ನುತ್ತಾರೆ. ದುಃಖದಲ್ಲಿರುವವರಿಗೆ ನಾವು ಸಾಮಾನ್ಯವಾಗಿ ವಿಶ್ರಾಂತಿ ಕೊಡುತ್ತೇವೆ. ಅವರಿಂದ ಕೆಲಸ ಬೇಡಲು ಸಂಕೋಚಪಡುತ್ತೇವೆ. ಆ ವಿಹಾರದ ಹೆಂಗಸರ ತಿಳಿವಳಿಕೆ ದೊಡ್ಡದು. ನೀನು ಬೇಕು ಎಂದು ಒಬ್ಬರು ಬಾಗಿಲಿಗೆ ಬಂದು ಹೇಳುವುದಕ್ಕೆ ಎಷ್ಟು ಶಕ್ತಿಯಿದೆಯೆಂದು ಅವರಿಗೆ ಗೊತ್ತಿತ್ತು.

ಅದು ಗೊತ್ತಿರಲು ಕಾರಣವೂ ಇದೆ. ಈ ನಗರದ ದಲಿತ ಹೆಂಗಸರು ಸಾರ್ವಜನಿಕ ಕೆಲಸಕ್ಕೆ ಹೊಸಬರಲ್ಲ. 1942ರ ಜುಲೈನಲ್ಲಿ ನಾಗಪುರದಲ್ಲಿ ಶೋಷಿತ ವರ್ಗಗಳ ಅಖಿಲ ಭಾರತ ಸಮ್ಮೇಳನ ನಡೆದಾಗ ಜೊತೆಗೇ ಮಹಿಳಾ ಸಮ್ಮೇಳನವೂ ನಡೆಯಿತು. ಸುಲೋಚನಾಬಾಯಿ ಡೋಂಗರೆ ಅಧ್ಯಕ್ಷತೆ, ಸುಮಾರು 25 ಸಾವಿರ ಹೆಂಗಸರು, ಅವರೆದುರು ಅಂಬೇಡ್ಕರ್ ಭಾಷಣ. ಊರ್ಮಿಳಾ ಪವಾರ್, ಮೀನಾಕ್ಷಿ ಮೂನ್ ಇಬ್ಬರೂ ಊರೂರು ಅಲೆದು ಅಂಥ ಹೆಂಗಸರ ನೆನಪುಗಳನ್ನು ಕಲೆಹಾಕಿ ಪುಸ್ತಕ ಮಾಡದಿದ್ದರೆ ಎಷ್ಟೋ ಹೆಸರು ಅಳಿಸಿಹೋಗುತ್ತಿತ್ತು.

ತಟ್ಟೆ ಹಿಡಿದು ನಿಂತಿದ್ದಾಗ ಹಿಂದಿನಿಂದ ಕನ್ನಡ ಕೇಳುತ್ತದೆ.

"ಏ ಯಕ್ಕಾ, ಪಲ್ಯಾ ಖಾರ ಅದ ನೋಡ್ರಿ!"

ತಿರುಗಿದರೆ ಐದಾರು ಹೆಂಗಸರು, ಇಬ್ಬರು ಹಿರಿಯರು, ಒಂದಿಷ್ಟು ಹುಡುಗರು. ಎಲ್ಲಿಯವರೆಂದು ಕೇಳುತ್ತೀರಿ.

"ನಾವ್ ಭಾಲ್ಕಿ ಕಡೆಯವರ್ರಿ. ನೀವು?"

"ಬೆಂಗಳೂರು."

"ಅಷ್ಟ್ ದೂರಿಂದ ಒಬ್ರೇ ಬಂದ್ರ್ಯಾ? ಬರ್ರಿ, ನಮ್ ಜೋಡಿ ನಡೀರಿ."

ಟೆಂಪೊ ಮಾಡಿಕೊಂಡು ರಾತ್ರಿಯಿಡೀ ಬಂದಿದ್ದಾರೆ. ಬೀದರ್, ಕಲಬುರಗಿ ಸೀಮೆಯಿಂದ ಈ ದಾರಿ ಹಳೆಯದು. ಈಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರವೂ ದೀಕ್ಷಾಭೂಮಿ ಯಾತ್ರೆಗೆ ಏರ್ಪಾಡು ಮಾಡುತ್ತಿದೆ, ಆದರೆ ಇವರು ಬಂದಿರುವುದು ತಮ್ಮ ಓಣಿಯ ಪಟ್ಟಿ ಎತ್ತಿ. ಗುಂಪಿನ ಹಿರಿಯರು ನಿವೃತ್ತ ಶಿಕ್ಷಕರು, ಎಲ್ಲರಿಗೂ ಮಾಸ್ತರರು. ಭಾಲ್ಕಿಯವರಿಗೆ ಮರಾಠಿಯೂ ಮನೆಮಾತಿನಂತೆ, ಹೋದಲ್ಲೆಲ್ಲ ಮಾತಿಗಿಳಿಯುತ್ತಾರೆ.

ನಡೆಯುತ್ತ ಮಾಸ್ತರರು ಹೇಳುತ್ತಾರೆ: "ಇದೆಲ್ಲಾ ಆಗ ಬಯಲ್ರಿ. ಲಸಿಕಿ ಮಾಡೋ ಸಂಸ್ಥಾ ಇತ್ತಂತ ಬಾಜೂಕ."

ಅವರು ಹೇಳುವ 'ಆಗ' ಎಂದರೆ 1956ರ ಅಕ್ಟೋಬರ್ 14, ವಿಜಯದಶಮಿ. ಹಿಂದೂವಾಗಿ ಸಾಯಲಾರೆ ಎಂದು 1935ರಲ್ಲಿ ಯೇವಲೆಯಲ್ಲಿ ಘೋಷಿಸಿದ್ದ ಬಾಬಾಸಾಹೇಬರು ಇಪ್ಪತ್ತೊಂದು ವರ್ಷ ಓದಿ, ಯೋಚಿಸಿ, ತೂಗಿ ಈ ಬಯಲಿಗೆ ಬಂದರು. ಸೀತಾಬರ್ಡಿಯ ಶ್ಯಾಮ್ ಹೋಟೆಲಿನಲ್ಲಿ ತಂಗಿದ್ದರು. ವಯಸ್ಸು ಅರವತ್ತೈದು, ಮಧುಮೇಹದಿಂದ ಜರ್ಜರಿತ ದೇಹ, ಕೈಯಲ್ಲಿ ಊರುಗೋಲು. ಕುಶಿನಗರದ ವೃದ್ಧ ಭಿಕ್ಷು ಚಂದ್ರಮಣಿಯವರಿಂದ ಪತ್ನಿ ಸವಿತಾ ಅವರೊಂದಿಗೆ ಬೌದ್ಧ ದೀಕ್ಷೆ ಪಡೆದರು; ಆಮೇಲೆ ತಾವೇ ಎದ್ದುನಿಂತು ನೆರೆದ ಲಕ್ಷಾಂತರ ಜನಕ್ಕೆ ತ್ರಿಶರಣ, ಪಂಚಶೀಲ, 22 ಪ್ರತಿಜ್ಞೆಗಳನ್ನು ಬೋಧಿಸಿದರು. ಏರ್ಪಾಡಿನ ಹೊಣೆ ಹೊತ್ತವರು ವಾಮನರಾವ್ ಗೋಡಬೋಲೆ ಮತ್ತು ಅವರೊಂದಿಗಿನ ಸ್ಥಳೀಯ ಕಾರ್ಯಕರ್ತರು. ಜನ ಬಿಳಿ ಬಟ್ಟೆಯುಟ್ಟು ನಡೆದು ಬಂದರು, ರೊಟ್ಟಿ ಕಟ್ಟಿಕೊಂಡು ಬಂದರು, ಬಯಲಲ್ಲೇ ಮಲಗಿದರು.

53 ದಿನಗಳ ನಂತರ, ಡಿಸೆಂಬರ್ 6ರಂದು, ಬಾಬಾಸಾಹೇಬರು ಇಲ್ಲ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಹೊಸ ಧರ್ಮಕ್ಕೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಭಿಕ್ಷುಗಳಿಲ್ಲ, ವಿಹಾರಗಳಿಲ್ಲ, ಮದುವೆ–ಸಾವಿಗೆ ಯಾವ ಪದ್ಧತಿಯೆಂದು ಹೇಳುವವರಿಲ್ಲ, ಕೈಹಿಡಿದು ಕರೆತಂದವರೂ ಹೋದರು. ಒಂದು ಸಮುದಾಯ ಕುಸಿದು ಕೂರುವುದಕ್ಕೆ ಇಷ್ಟು ಸಾಕು. ಇವರು ಕೂರಲಿಲ್ಲ. ಓಣಿಯಲ್ಲಿ ಒಂದು ಕೋಣೆ ಹಿಡಿದು ವಿಹಾರವೆಂದರು. ಅಕ್ಷರ ಬಲ್ಲವರು ಸಂಜೆ ಲಾಟೀನು ಹಚ್ಚಿ ಬಾರದವರಿಗೆ ಕಲಿಸಿದರು. ಹಾಡು ಬಲ್ಲವರು ಬುದ್ಧನನ್ನೂ ಭೀಮರಾಯರನ್ನೂ ಹಾಡಿದರು. ಸಂಬಳವಿಲ್ಲದ ಆ ದುಡಿಮೆಯೇ ಅವರನ್ನು ಎತ್ತಿ ನಿಲ್ಲಿಸಿತು ಎಂದು ನನ್ನ ದೃಢ ನಂಬಿಕೆ. ದೀಕ್ಷಾಭೂಮಿಯ ಈ ದಿನ ಯಾವ ಕಂಪನಿಯೂ ಗುತ್ತಿಗೆ ಹಿಡಿದು ನಡೆಸುವ ಉತ್ಸವವಾಗದೆ ಮನೆಮನೆಯ ಹಿಟ್ಟು, ಎಣ್ಣೆ, ರಜೆಯಿಂದ ನಡೆಯುತ್ತಿರುವುದಕ್ಕೂ ಅದೇ ಮೂಲ.

ಸ್ತೂಪ ಕಾಣುತ್ತದೆ. ಸಾಂಚಿಯ ನೆನಪು ತರುವ ಅರ್ಧಗೋಳ, ಎತ್ತರ 120 ಅಡಿ, ವ್ಯಾಸವೂ ಅಷ್ಟೇ. ಧೋಲಪುರದ ಕಲ್ಲು ಬಿಸಿಲಿಗೆ ಹೊಳೆಯುತ್ತದೆ. ವಾಸ್ತುಶಿಲ್ಪಿ ಶಿವದಾನ್ ಮಲ್. 2001ರ ಡಿಸೆಂಬರ್ 18ರಂದು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉದ್ಘಾಟಿಸಿದರು. ಸಾಂಚಿಯ ಸ್ತೂಪ ಗಟ್ಟಿ, ಇದು ಟೊಳ್ಳು. ಒಳಗೆ ಜನ ಹೋಗಬಹುದು. ಒಳಗೆ ಬಾಬಾಸಾಹೇಬರ ಅಸ್ಥಿಯಿದೆ, ಅದನ್ನು ಕಾಣಲು ಸಾಲು ಸುತ್ತಿ ಸುತ್ತಿ ನಿಂತಿದೆ. ಸೈನಿಕ ದಳದ ಹುಡುಗರು ಹಗ್ಗ ಹಿಡಿದು ವಯಸ್ಸಾದವರನ್ನು ಪಕ್ಕದಿಂದ ಮುಂದೆ ಬಿಡುತ್ತಿದ್ದಾರೆ. ಯಾರೂ ಗೊಣಗುವುದಿಲ್ಲ.

ಆಚೆ ಬೋಧಿವೃಕ್ಷ. ಭದಂತ ಆನಂದ ಕೌಸಲ್ಯಾಯನ ಅವರು ಶ್ರೀಲಂಕೆಯ ಅನುರಾಧಪುರದಿಂದ ತಂದ ಸಸಿಯಿಂದ ಬೆಳೆದದ್ದು. ನೀವು ಬೆಂಗಳೂರಿನಿಂದ ಹಿಡಿದು ಬಂದ ರೈಲು ಸಂಘಮಿತ್ರಾ ಎಕ್ಸ್‌ಪ್ರೆಸ್. ಅಶೋಕನ ಮಗಳು ಆ ಸಂಘಮಿತ್ರೆಯೇ ಬುದ್ಧಗಯೆಯ ಕೊಂಬೆಯನ್ನು ಅನುರಾಧಪುರಕ್ಕೆ ಒಯ್ದಳೆಂದು ಸಿಂಹಳದ ಹಳೆಯ ಗ್ರಂಥಗಳು ಹೇಳುತ್ತವೆ. ಮರದ ಬುಡದಲ್ಲಿ ಉದುರಿದ ಎಲೆಗಳನ್ನು ಭಾಲ್ಕಿಯ ಹುಡುಗರು ನೋಟ್‌ಬುಕ್ಕಿನ ಹಾಳೆಗಳ ನಡುವೆ ಇಟ್ಟುಕೊಳ್ಳುತ್ತಾರೆ.

ಹೊರಗಿನಿಂದ ಬಂದು ಇಲ್ಲಿಯೇ ಬಾಳಿನ ಕೆಲಸ ಕಂಡುಕೊಂಡವರೂ ಇದ್ದಾರೆ. 1960ರ ದಶಕದಲ್ಲಿ ಜಪಾನಿನಿಂದ ಭಾರತಕ್ಕೆ ಬಂದ ಭಿಕ್ಷು ಸುರೈ ಸಸಾಯಿ ನಾಗಪುರದ ಓಣಿಗಳಲ್ಲಿ ನೆಲೆನಿಂತು, ಭಾರತದ ಪೌರತ್ವ ಪಡೆದು, ದೀಕ್ಷಾಭೂಮಿ ಸ್ಮಾರಕ ಸಮಿತಿಯ ಅಧ್ಯಕ್ಷರಾದರು. ಇಂಗ್ಲೆಂಡಿನ ಲೋಕಮಿತ್ರ ಯೋಗ ಕಲಿಯಲೆಂದು ಪುಣೆಗೆ ಹೊರಟವರು; 1977ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಇಳಿದಾಗ ಅಂದೇ ಮತಾಂತರದ ವಾರ್ಷಿಕೋತ್ಸವ ಎನ್ನುವುದು ಅವರಿಗೆ ತಿಳಿದಿರಲಿಲ್ಲ. ಸಾಗರದಂಥ ಜನರ ಮುಂದೆ ಅವರನ್ನು ಮಾತಾಡಲು ನಿಲ್ಲಿಸಿದರು. ಮರುವರ್ಷವೇ ಬಂದು ಭಾರತದಲ್ಲಿ ನೆಲೆಯಾದರು. ಅವರ ಮುಂದಾಳತ್ವದಲ್ಲಿ ಬೆಳೆದ ಇಲ್ಲಿನ ನಾಗಲೋಕ ಕೇಂದ್ರಕ್ಕೆ ಇವತ್ತು ನಾನಾ ರಾಜ್ಯಗಳ ತರುಣರು ಬಂದು ಓದುತ್ತಾರೆ.

ಮಧ್ಯಾಹ್ನ ಪುಸ್ತಕದ ಸಾಲುಗಳಿಗೆ ಬರುತ್ತೀರಿ. ತಾಡಪತ್ರಿಯ ಮೇಲೆ, ಮೇಜಿನ ಮೇಲೆ, ಸೈಕಲ್ಲಿನ ಕ್ಯಾರಿಯರ್ ಮೇಲೆ, ಎಲ್ಲೆಲ್ಲೂ ಪುಸ್ತಕ. ಹತ್ತು ರೂಪಾಯಿಯ ಕಿರುಹೊತ್ತಗೆಯಿಂದ ಹಿಡಿದು ಮಹಾರಾಷ್ಟ್ರ ಸರ್ಕಾರ ತಂದ ಅಂಬೇಡ್ಕರರ ಬರಹ–ಭಾಷಣಗಳ ದಪ್ಪ ಸಂಪುಟಗಳವರೆಗೆ. 1979ರಿಂದ ಆ ಸಂಪುಟಗಳನ್ನು ಸಂಪಾದಿಸಿದ ವಸಂತ ಮೂನ್ ಇದೇ ನಾಗಪುರದ ಓಣಿಯ ಹುಡುಗ. ತಮ್ಮ 'ವಸ್ತಿ' ಆತ್ಮಕಥೆಯಲ್ಲಿ ಆ ಓಣಿಯ ಬಡತನವನ್ನೂ ಸೈನಿಕ ದಳದ ಹುಡುಗರ ಉಮೇದನ್ನೂ ಬರೆದರು. ಹರಿದ ಕೊಡೆಯ ಕೆಳಗೆ ಕೂಲಿಯವನಂತೆ ಕಾಣುವ ಒಬ್ಬರು ಸಂಪುಟವೊಂದನ್ನು ಎತ್ತಿ, ತೂಗಿ ನೋಡಿ, ಬೆಲೆ ಕೇಳಿ, ಬನಿಯನ್ನಿನ ಒಳಜೇಬಿನಿಂದ ನೋಟು ತೆಗೆಯುತ್ತಾರೆ. ಓದಲು ಬರುತ್ತದೆಯೇ ಎಂದು ಅಂಗಡಿಯವನು ಕೇಳುವುದಿಲ್ಲ. ಅವರೇ ಹೇಳುತ್ತಾರೆ, ಮಗಳು ಓದಿ ಹೇಳುತ್ತಾಳೆ ಎಂದು.

ಮಾಸ್ತರರು ಕನ್ನಡದ ಪುಸ್ತಕ ಹುಡುಕುತ್ತಾರೆ, ಸಿಗುವುದಿಲ್ಲ. "ನಮ್ ಕುವೆಂಪು ಭಾಷಾ ಭಾರತಿಯವರು ಸಂಪುಟ ತಂದಾರಲ್ರಿ. ಅವನ್ ಒಂದ್ ಮೇಜಿನ ಮ್ಯಾಲ ಹಾಕ್ಕೊಂಡ್ ಇಲ್ಲಿ ಕುಂಡ್ರಬೇಕು," ಎನ್ನುತ್ತಾರೆ, ತಮಗೆ ತಾವೇ.

ಸಂಜೆಗೆ ಬಿಸಿಲಿಳಿದು ಹಾಡು ಏರುತ್ತದೆ. ಒಂದು ವೇದಿಕೆಯಲ್ಲಿ ಕವ್ವಾಲಿ, ಒಂದರಲ್ಲಿ ಬೀದಿನಾಟಕ, ಫುಟ್‌ಪಾತಿನಲ್ಲಿ ಅಂಧ ಗಾಯಕರೊಬ್ಬರ ಹಾರ್ಮೋನಿಯಂ. ಹಾಡುವವರು ನಡುವೆ ನಿಲ್ಲಿಸಿ ವಾಮನದಾದಾ ಕರ್ಡಕ್ ಹೆಸರು ಹೇಳಿ ಕಿವಿ ಮುಟ್ಟಿಕೊಳ್ಳುತ್ತಾರೆ. 1922ರಲ್ಲಿ ನಾಸಿಕ್ ಜಿಲ್ಲೆಯಲ್ಲಿ ಹುಟ್ಟಿದ ವಾಮನದಾದಾಗೆ ಬೆಳೆದು ದೊಡ್ಡವರಾದರೂ ಅಕ್ಷರ ಬರುತ್ತಿರಲಿಲ್ಲ. ಮುಂಬೈಯ ಕಾರ್ಮಿಕರ ವಸತಿಯಲ್ಲಿ ಯಾರೋ ಪತ್ರ ಓದಿಕೊಡು ಎಂದಾಗ ಓದಲಾಗದೆ ಅತ್ತರು, ಕಲಿತರು. 1943ರಲ್ಲಿ ಮೊದಲ ಹಾಡು ಕಟ್ಟಿದರು. ಸಂಸಾರ ಕೈಗೂಡಲಿಲ್ಲ, ಮಗಳು ಎಳೆತನದಲ್ಲೇ ಹೋದಳು. ಆ ಮನುಷ್ಯ 2004ರಲ್ಲಿ ಕೊನೆಯುಸಿರೆಳೆಯುವವರೆಗೂ ಹಳ್ಳಿಯಿಂದ ಹಳ್ಳಿಗೆ ಹಾಡುತ್ತ ನಡೆದರು, ಸಾವಿರಗಟ್ಟಲೆ ಹಾಡುಗಳು. ಈ ಹೊತ್ತು ಧೋಲಕಿಯ ಪೆಟ್ಟಿಗೆ ಭಾಲ್ಕಿಯ ಹೆಂಗಸರು ಚಪ್ಪಾಳೆ ಹಾಕುತ್ತಿದ್ದಾರೆ, ಪಲ್ಲವಿ ಎತ್ತಿಕೊಡುತ್ತಿದ್ದಾರೆ. ಅವರಲ್ಲಿ ಒಬ್ಬಾಕೆ ಮುಂದೆ ಹೋಗಿ ಮೈಕು ಕೇಳಿ ಪಡೆದು ಕನ್ನಡದಲ್ಲಿ ಒಂದು ಹಾಡು ಹೇಳುತ್ತಾರೆ. ಭಾಷೆ ತಿಳಿಯದ ಜನ ತಾಳ ತಪ್ಪದೆ ಹಿಡಿಯುತ್ತಾರೆ.

ರಾತ್ರಿ ಟೆಂಪೊ ಹತ್ತುವ ಮೊದಲು ಗುಂಪು ಮತ್ತೆ ಅದೇ ಪೂರಿ ಶಾಮಿಯಾನಕ್ಕೆ ಹೋಗುತ್ತದೆ. ಮಾವುಶಿ ಪಾತ್ರೆ ಉಜ್ಜುತ್ತಿದ್ದಾರೆ. ಇಬ್ಬರು ಭಾಲ್ಕಿಯವರು ಹೇಳದೆ ಕೇಳದೆ ಪಕ್ಕದಲ್ಲಿ ಕುಳಿತು ಬೂದಿ ಹಚ್ಚತೊಡಗುತ್ತಾರೆ. ಜಾಗಕ್ಕೆ ಯಾರನ್ನು ಕೇಳಬೇಕು, ನೀರಿನ ಟ್ಯಾಂಕರ್ ಎಲ್ಲಿಂದ, ಒಂದು ದಿನಕ್ಕೆ ಹಿಟ್ಟು ಎಷ್ಟು ಹೋಗುತ್ತದೆ ಎಂದು ಮಾಸ್ತರರು ಮರಾಠಿಯಲ್ಲಿ ಒಂದೊಂದೇ ಕೇಳಿ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.

"ಬರೋ ವರ್ಷ ನಾವೂ ಒಲಿ ಹೂಡೋಣ್ರಿ," ಎನ್ನುತ್ತಾರೆ ಹಾಡಿದಾಕೆ.

"ಒಲಿ ಯಾಕ?" ಇನ್ನೊಬ್ಬರು ಕೈ ತೊಳೆದುಕೊಳ್ಳುತ್ತ ಹೇಳುತ್ತಾರೆ. "ಜ್ವಾಳದ ಖಡಕ್ ರೊಟ್ಟಿ ಮನ್ಯಾಗ ಮಾಡಿ ಗಂಟು ಕಟ್ಟಿದ್ರ ಮುಗೀತು. ಎಂಟ್ ದಿನ ಇಟ್ರೂ ಏನೂ ಆಗಂಗಿಲ್ಲ. ಜೋಡಿ ಶೇಂಗಾ ಹಿಂಡಿ. ಒಬ್ಬಬ್ಬರ ಮನಿಗೆ ನೂರ್ ರೊಟ್ಟಿ ಹಚ್ಚಿ, ಎಷ್ಟ್ ಮನಿ ಅದಾವ ಲೆಕ್ಕಾ ಹಾಕ್ರಿ."

ಮಾಸ್ತರರು ಡೈರಿಯ ಹೊಸ ಹಾಳೆ ತೆಗೆದು ಓಣಿಯ ಮನೆಗಳ ಹೆಸರು ಬರೆಯಲು ಶುರು ಮಾಡುತ್ತಾರೆ.

"ಬೆಂಗಳೂರಿನವರು ಎಷ್ಟ್ ಬರ್ಕೊಳ್ಳಲಿ?" ಎಂದು ನಿಮ್ಮ ಕಡೆ ನೋಡುತ್ತಾರೆ.