ಕಡಲಿಗೆ ಮಡಿನೀರು

ಬೆಂಗಳೂರಿನ ಮೂರನೆಯ ಅಂತಸ್ತಿನ ಮನೆಯಲ್ಲಿ ಕಡಲನ್ನು ಸಾಕಲು ಹೊರಟವನ ಪಾಡು ಏನಾಗಬಹುದೆಂಬುದನ್ನು ಓದುಗರೇ ಊಹಿಸಬಲ್ಲರು. ಆ ಸಾಹಸಕ್ಕೆ ನಾನು ಕೈಹಾಕಿದುದು ನಮ್ಮ ತಾಯಿಯವರಿಗಾಗಿ. ತಂದೆಯವರು ತೀರಿಕೊಂಡ ಮೇಲೆ ಹೊನ್ನಾವರದ ಮನೆಗೆ ಬೀಗ ಹಾಕಿ ಅವರನ್ನು ಕರೆತಂದಿದ್ದೆ. "ಈ ಊರಿನಲ್ಲಿ ಇಷ್ಟೊಂದು ಸದ್ದು, ಆದರೆ ನಿದ್ದೆ ಬರಿಸುವ ಸದ್ದು ಒಂದೂ ಇಲ್ಲವಲ್ಲ, ಮಾಣಿ" ಎಂದು ಅವರು ಒಮ್ಮೆ ಅಂದರು. ಆ ಮಾತು ನನ್ನನ್ನು ಬಹುದಿನ ಕಾಡಿತು.

2023ರ ಕೊನೆಯಲ್ಲಿ ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯೊಂದು ನಮ್ಮ ನಡುಮನೆಗೆ ಬಂದಿತು. ನಲ್ಲಿಯ ನೀರಿನ ಕ್ಲೋರಿನ್ನನ್ನು ಔಷಧದಿಂದ ಕಳೆದು, ಲೀಟರಿಗೆ 35 ಗ್ರಾಮಿನಂತೆ ಸಮುದ್ರದ ಉಪ್ಪಿನ ಮಿಶ್ರಣವನ್ನು ಕರಗಿಸಿ, ಕೆಲವು ವಾರ ಕಾದು, ಬಿಳಿಯ ಪಟ್ಟಿಗಳ ಎರಡು ಕಿತ್ತಳೆ ಮೀನುಗಳನ್ನೂ ಮೂರು ಕೆಂಪು ಸಿಗಡಿಗಳನ್ನೂ ಬಿಟ್ಟೆವು. ತಾಯಿಯವರು ಸಂಜೆಯ ಹೊತ್ತು ಅದರ ಮುಂದೆ ಕುಳಿತು, ನೀರಿನ ಗುಳುಗುಳು ಸದ್ದು ಕೇಳುತ್ತಾ ಜಪಮಣಿ ಎಣಿಸತೊಡಗಿದರು.

2024ರ ಬೇಸಗೆಯಲ್ಲಿ ನಮ್ಮ ಕಟ್ಟಡಕ್ಕೆ ಕಾವೇರಿಯ ನೀರು ಕಡಮೆಯಾಗಿ, ಟ್ಯಾಂಕರಿನ ಕೊಳವೆಬಾವಿಯ ನೀರು ಬೆರೆಯಿತು. ತೊಟ್ಟಿಯ ಮರಳಿನ ಮೇಲೆ ಮೊದಲು ಕಂದುಬಣ್ಣದ ಪೊರೆ, ಅನಂತರ ಕೂದಲಿನಂತಹ ಹಸುರು ಪಾಚಿ ಕಾಣಿಸಿಕೊಂಡಿತು. ನೀರನ್ನು ಹೆಚ್ಚು ಬದಲಿಸಿರೆಂದು ಅಂಗಡಿಯವನು ಹೇಳಿದ. ಬದಲಿಸಿದಷ್ಟೂ ಪಾಚಿ ಕೊಬ್ಬಿತು. ಔಷಧವೆಂದು ನಾನು ಎರೆದುದೇ ರೋಗಕ್ಕೆ ಉಣಿಸಾಗಿತ್ತು. ಒಂದರ ಹಿಂದೆ ಒಂದರಂತೆ ಎರಡು ಸಿಗಡಿಗಳು ಸತ್ತವು. ಅವನ್ನು ತುಳಸಿಯ ಪಕ್ಕದ ಹೂಕುಂಡದಲ್ಲಿ ಹೂಳುತ್ತಾ ಮಗಳು, "ಅಪ್ಪಾ, ಮೂರನೆಯದೂ ಸಾಯುತ್ತದೆಯೇ?" ಎಂದು ಕೇಳಿದಳು. ತರಗತಿಯಲ್ಲಿ ಗಂಟೆಗಟ್ಟಲೆ ಮಾತನಾಡುವವನಿಗೆ ಆಗ ಉತ್ತರ ತೋಚಲಿಲ್ಲ.

ಉತ್ತರ ತಾಯಿಯವರಿಂದ ಬಂದಿತು. ನೀರು ಕಾಯಿಸುವ ಪಾತ್ರೆಯ ತಳದ ಬಿಳಿಯ ಕರೆಯನ್ನು ಬೆರಳಿನಿಂದ ಕೆರೆದು ತೋರಿಸಿ, "ಆರಿಹೋಗುವುದು ನೀರು ಮಾತ್ರ, ಮಾಣಿ. ಅದು ಹೊತ್ತು ತಂದದ್ದು ಇಲ್ಲೇ ಕೂತಿರುತ್ತದೆ" ಎಂದರು.

ನಿಜವೇ ಸರಿ! ತೊಟ್ಟಿಯಿಂದ ದಿನಕ್ಕೆ ಸುಮಾರು ಒಂದು ಲೀಟರು ಆವಿಯಾಗುತ್ತಿತ್ತು. ನಾನು ನಲ್ಲಿಯ ನೀರನ್ನೇ ತುಂಬುತ್ತಿದ್ದೆ. ಅದರಲ್ಲಿದ್ದ ಸಿಲಿಕೇಟು ಕಂದು ಪೊರೆಗೂ, ನೈಟ್ರೇಟು ಫಾಸ್ಫೇಟುಗಳು ಹಸುರು ಪಾಚಿಗೂ ಆಹಾರವಾಗಿ ದಿನದಿನಕ್ಕೂ ಸಂಗ್ರಹವಾಗಿದ್ದವು. ಕರಗಿದ ಲವಣಗಳನ್ನು ಅಳೆಯುವ ಪುಟ್ಟ ಮಾಪಕವನ್ನು ತಂದು ಅದ್ದಿದೆ. ನಲ್ಲಿಯ ನೀರಿಗೆ 610. ಅಡಿಗೆಮನೆಯ ಶುದ್ಧೀಕರಣ ಯಂತ್ರದ ನೀರಿಗೂ 70. ರುಚಿಗಾಗಿ ಕೊಂಚ ಲವಣವನ್ನು ಮತ್ತೆ ಬೆರೆಸುವಂತೆ ಆ ಯಂತ್ರ ರಚಿತವಾಗಿತ್ತು. ಕೊನೆಗೆ ಕಸ ತಡೆಯುವ ಜಾಲರಿ, ಇದ್ದಿಲು, ಸೂಕ್ಷ್ಮ ಪೊರೆ, ಉಳಿದುದನ್ನೂ ಹೀರುವ ರಾಳದ ಹರಳುಗಳು, ಈ ನಾಲ್ಕನ್ನೂ ದಾಟಿಸಿದಾಗ ಮಾಪಕ ಸೊನ್ನೆಯನ್ನು ತೋರಿಸಿತು.

ಆ ನೀರಿನ ಡಬ್ಬವನ್ನು ಯಾರೂ ಮುಟ್ಟಕೂಡದೆಂದು ವಿಧಿಸಿದೆ. "ಹಾಗಾದರೆ ಇದು ಮಡಿನೀರು" ಎಂದರು ತಾಯಿಯವರು. ವಾರದ ಬದಲಾವಣೆಗೆಂದು ಅದೇ ನೀರಿಗೆ ನಾನು ಉಪ್ಪು ಬೆರೆಸುವುದನ್ನು ಕಂಡು, "ಇದ್ದುದನ್ನೆಲ್ಲ ತೆಗೆದು ಮತ್ತೆ ಉಪ್ಪು ಹಾಕುವ ಮಡಿಯನ್ನು ನಾನು ಕಂಡಿರಲಿಲ್ಲ" ಎಂದು ಮನಸಾರೆ ನಕ್ಕರು. ಬೆಂಗಳೂರಿಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದು ಅದೇ ಮೊದಲು.

ಆದರೆ ಒಂದು ಲೀಟರು ಮಡಿನೀರಿಗೆ ಮೂರು ಲೀಟರು ನೀರು ಬಚ್ಚಲಿನ ಪಾಲಾಗುತ್ತಿತ್ತು. ಆ ಮಾರ್ಚಿಯಲ್ಲಿ ಜಲಮಂಡಲಿಯು ಕುಡಿಯುವ ನೀರಿನಿಂದ ಕಾರು ತೊಳೆಯುವುದನ್ನೂ ತೋಟಕ್ಕೆ ಹಾಯಿಸುವುದನ್ನೂ ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡವನ್ನು ಸಾರಿತ್ತು. ಕೆಳಗಿನ ಬೀದಿಯಲ್ಲಿ ಹೆಂಗಸರು ಕೊಡ ಹಿಡಿದು ಟ್ಯಾಂಕರಿಗಾಗಿ ಕಾಯುತ್ತಿದ್ದರು. ರಾತ್ರಿ ಆ ಸಣ್ಣ ಕೊಳವೆಯ ಸೋರುವ ಸದ್ದಿಗೆ ನನಗೆ ನಿದ್ದೆ ಹತ್ತಲಿಲ್ಲ. ತೊಟ್ಟಿಯನ್ನು ಯಾರಿಗಾದರೂ ಕೊಟ್ಟುಬಿಡುವುದೆಂದು ನಿಶ್ಚಯಿಸಿದೆ.

ಬೆಳಿಗ್ಗೆ ಎದ್ದು ನೋಡಿದರೆ ಕೊಳವೆಯ ಬಾಯಿಗೆ ಬಕೆಟ್ಟು ಬಂದಿತ್ತು. "ಬಾವಿಯಿಂದ ಸೇದಿ ಹೊತ್ತವಳಿಗೆ ಚೆಲ್ಲುವ ನೀರೆಂಬುದೇ ಇಲ್ಲ" ಎಂದರು ತಾಯಿಯವರು. ಅಂದಿನಿಂದ ನೆಲ ಒರೆಸುವುದಕ್ಕೂ ಕಕ್ಕಸು ತೊಳೆಯುವುದಕ್ಕೂ ಆ ನೀರೇ. ಎಂತಿದ್ದರೂ ಆ ಕೆಲಸಗಳಿಗೆ ನಲ್ಲಿಯ ನೀರು ಬೇಕಾಗಿಯೇ ಇತ್ತು. ಹೀಗಾಗಿ ಕಡಲಿಗೆಂದು ನಾವು ಹೆಚ್ಚಾಗಿ ಬಳಸಿದುದು ವಾರಕ್ಕೆ ಹದಿನೇಳು ಲೀಟರು ಮಾತ್ರ.

ಜೀವಿಗಳಿಗೆ ಆಘಾತವಾಗದಿರಲೆಂದು ವಾರಕ್ಕೆ ಹತ್ತೇ ಲೀಟರಿನಂತೆ ನೀರನ್ನು ಬದಲಿಸುತ್ತಾ ಬಂದೆ. ಮೂರು ತಿಂಗಳಿಗೆ ಪಾಚಿ ಕರಗಿತು. ಆಗ ಒಂದು ಮುಂಜಾನೆ ಮಗಳು ಚೀರಿದಳು. ಮೂರನೆಯ ಸಿಗಡಿ ಮರಳಿನ ಮೇಲೆ ನಿಶ್ಚಲವಾಗಿ ಬಿದ್ದಿತ್ತು. ನಡುಗುವ ಕೈಯಿಂದ ಎತ್ತಿದೆ. ಅದಕ್ಕೆ ತೂಕವೇ ಇರಲಿಲ್ಲ, ಒಳಗೆ ಬರಿದು! ಬಗ್ಗಿ ನೋಡಿದರೆ ಕಲ್ಲಿನ ಸಂದಿಯಲ್ಲಿ ಮೀಸೆ ಆಡಿಸುತ್ತಾ, ಮೊದಲಿಗಿಂತ ಕೆಂಪಾಗಿ, ಸಿಗಡಿ ನಿಂತಿತ್ತು. ಬೆಳೆಯುವ ಸಿಗಡಿ ತನ್ನ ಚಿಪ್ಪನ್ನು ಹೀಗೆ ಕಳಚುವುದುಂಟೆಂದು ಮಗಳಿಗೆ ವಿವರಿಸತೊಡಗಿದೆ.

"ಇಷ್ಟು ಮಾತೇಕೆ?" ಎಂದರು ತಾಯಿಯವರು. "ಹಳೆಯ ಸೀರೆ ಬಿಟ್ಟು ಮಡಿ ಉಟ್ಟಿದೆ, ಅಷ್ಟೆ."

ಹಾಗೆಂದವರೇ, ತುಂಬಿದ ಬಕೆಟ್ಟನ್ನು ಬದಲಿಸಲು ಎದ್ದರು.